ನಾಲ್ಕು ಚೌಕ

ಸಾಲ್ಮಿಯಾದ ಏಳನೇ ಮಹಡಿ. ಹೊರಗೆ ಧೂಳು,
ಕಿಟಕಿಗೆ ಕಂದು ಕಾಗದ ಅಂಟಿಸಿದ ಹಾಗೆ.
ಎಕ್ಸ್‌ರೇ ಕೋಣೆಯಿಂದ ಮನೆಗೆ ಬಂದವಳು
ಕೈ ತೊಳೆದು ಮೊದಲು ಒತ್ತುವುದು ಇದರ ಗುಂಡಿ.

ಟಿಫಿನ್ ಡಬ್ಬಿಯಷ್ಟು ಒಂದು ಕರಿ ಪೆಟ್ಟಿಗೆ.
ಇದರೊಳಗೆ ಹಾಡಿಲ್ಲ. ಹಾಡಿರುವುದು ಕಪಾಟಿನಲ್ಲಿ,
ಸೀರೆಗಳ ಹಿಂದೆ ಮಿಣುಕುವ ಡಿಸ್ಕಿನಲ್ಲಿ.
ಇದು ಬರೀ ಮಧ್ಯಸ್ಥ:
ಗಾಳಿಯಲ್ಲಿ ಇಸಿದುಕೊಂಡು ತಂತಿಯಲ್ಲಿ ಕೊಡುತ್ತದೆ,
ಕಮಿಷನ್ ಕೇಳದೆ.

ಆಂಪ್ಲಿಫಯರ್ ಶುಕ್ರವಾರದ ಸಂತೆಯದು, ಎಂಟು ದೀನಾರು.
ವೀಸಾ ಮುಗಿದ ಯಾರೋ ಬಿಟ್ಟುಹೋದದ್ದು.
ವಾಲ್ಯೂಮಿನ ತಿರುಪಿನ ಸುತ್ತ ಬಣ್ಣ ಸವೆದಿದೆ
ಸೊನ್ನೆಯಿಂದ ಒಂಬತ್ತರವರೆಗೆ ಮಾತ್ರ.
ಅದರಾಚೆ ಅವರೂ ಹೋಗಿರಲಿಲ್ಲ.
ಅವರ ಗೋಡೆಯ ಹಿಂದೆಯೂ
ನೈಟ್ ಡ್ಯೂಟಿ ಮುಗಿಸಿ ಮಲಗಿದವರಿದ್ದರೇನೋ.

ಪೆಟ್ಟಿಗೆಗೆ ಕನ್ನಡ ಬಾರದು.
ಎರಡು ಈದ್ ರಜೆ ಕೂತು ನಾನು
ಗದಗಿನಿಂದ ತಂದ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿಕೊಂಡು
ಒಂದೊಂದಕ್ಕೂ ಹೆಸರಿಟ್ಟಿದ್ದೆ, ಒತ್ತು ದೀರ್ಘ ತಪ್ಪದೆ.
ಇದರ ಹಸಿರು ಪರದೆಯ ಮೇಲೆ ಬರುವುದು
□ □ □ □
ಬಾಡಿಗೆಗೆ ಯಾರೂ ಬಾರದ ಕೋಣೆಗಳ ಸಾಲು.

ಎಣಿಸಲು ಕಲಿತೆ.
ಅಕ್ಕ ಎಂದರೆ ನಮಗೆ ಎರಡಕ್ಷರ.
ಇದಕ್ಕೆ ನಾಲ್ಕು: ಅ, ಕ,
ಕ-ವನ್ನು ಅಲ್ಲೇ ತಡೆದು ನಿಲ್ಲಿಸುವ ಒಂದು ಗೀಟು, ಮತ್ತೆ ಕ.
ಬೆಟಗೇರಿಗೆ ಏಳು.
ಕಷ್ಟ ಏನೆಂದರೆ ಹೂಲಿ ಮಾಸ್ತರಿಗೂ ನಾಲ್ಕೇ, ಬರೀ ಹೂಲಿ ಎಂದು ಬರೆದಿದ್ದೆ.
ಎಷ್ಟೋ ರಾತ್ರಿ ಅಕ್ಕನನ್ನು ಒತ್ತಿದರೆ
ಮಾಸ್ತರು ಬೈಯುತ್ತಲೇ ಬಂದರು:
ಶ್ರುತಿ ಎಲ್ಲಿಟ್ಟಿ, ಸಂತ್ಯಾಗ ಬಿಟ್ಟು ಬಂದಿಯೇನು?

ಒಮ್ಮೆ ಎಲ್ಲೋ ಒತ್ತಿ ಎಲ್ಲೋ ಹಾಡಿತು.
ಒಂದೇ ವೈಫೈ ನಮಗೆ, ಪಾಲಿನಲ್ಲಿ.
ಮಾರಿವಿಕ್ ಬಾಗಿಲು ಬಡಿದಳು,
ಮುಖಕ್ಕೆ ಅರ್ಧ ಹಚ್ಚಿದ ಹಸಿರು ಲೇಪ:
ಸಿಸ್ಟರ್, ನಿನ್ನ ಸಿಸ್ಟರ್ ನನ್ನ ಕೋಣೆಯಲ್ಲಿ!

ಅವಳಿಗೂ ಗೊತ್ತು ಆ ಹಾಡು. ಎಲ್ಲರಿಗೂ ಗೊತ್ತು.
ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಕೇಳಿಸಿದ್ದೇನೆ.
ಮೂರೂವರೆ ನಿಮಿಷ, ಹಾರ್ಮೋನಿಯಂ ತಿದಿಯ ಉಸಿರು,
ಓಣಿಯ ಗಿರಣಿಯ ಸದ್ದು, ನಡುವೆ ಯಾರದೋ ಕೆಮ್ಮು,
ಅದನ್ನೆಲ್ಲ ಸೀಳಿಕೊಂಡು ಮೇಲೇರುವ ಕೊರಳು.
ಹದಿನಾರು ವರ್ಷದವಳು, ನಮ್ಮಕ್ಕ, ಎನ್ನುತ್ತಿದ್ದೆ.
ಈಗ ಹಾಡುವುದಿಲ್ಲ, ಬ್ಯಾಂಕಿನಲ್ಲಿ ನೋಟು ಎಣಿಸುತ್ತಾಳೆ.

ಚೌಕ ಎಣಿಸಿ ಸಾಕಾಗಿ ಪೆಟ್ಟಿಗೆಯನ್ನು
ಸಂತೆಯ ವಗ್ದಿ ಉಸ್ತಾದನಿಗೆ ಒಯ್ದೆ, ಅಲೆಕ್ಸಾಂಡ್ರಿಯಾದವನು.
ಹೊಸ ಸಾಫ್ಟ್‌ವೇರ್ ಹಾಕಿದ. ಪರೀಕ್ಷೆಗೆಂದು ಹಾಡಿಸಿದ.
ಸ್ಪೀಕರಿನ ಬಟ್ಟೆಯ ಮೇಲೆ ಅಂಗೈ ಇಟ್ಟು ಕೇಳಿ,
ಯಾರು? ಎಂದ. ಅಕ್ಕ, ಎಂದೆ.
ಒಂದು ದೀನಾರು ಕಡಿಮೆ ತೆಗೆದುಕೊಂಡ.

ಮನೆಗೆ ಬಂದು ನೋಡಿದರೆ ಪರದೆಯ ಮೇಲೆ ಕನ್ನಡ!
ಮುರಿದ ಕನ್ನಡ. ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿದೆ,
ಲಿಫ್ಟಿನಲ್ಲಿ ಪರಿಚಯವಿಲ್ಲದವರು ನಿಂತ ಹಾಗೆ:
ಅಕ್‌ಕ.
ಒಂದನೇ ಇಯತ್ತೆಯ ಹುಡುಗಿಯಂತೆ ಓದಿದೆ, ಬೆರಳಿಟ್ಟು.
ಖುಷಿ ತಡೆಯದೆ ಗದಗಿಗೆ ಫೋನು ಹಚ್ಚಿ
ಸ್ಪೀಕರಿನ ಮುಂದೆ ಹಿಡಿದೆ: ಕೇಳು, ನಿನ್ನ ಹಾಡು.

ಆ ಕಡೆ ನೋಟಿನ ಯಂತ್ರದ ಪರಪರ ನಿಂತಿತು.
ಪೂರಾ ಕೇಳಿದಳು. ಆಮೇಲೆ ನಕ್ಕಳು.
ಹಾಡಿದಾಕಿ ನಾ ಅಲ್ಲಬೇ.
ಆಕಿ ಪದ್ಮಲೋಚನಾ, ಕುಂಬಾರ ಓಣಿಯಾಕಿ.
ಕೆಮ್ಮಿದಾಕಿ ನಾ.

ಫೋನಿಟ್ಟು ಸುಮ್ಮನೆ ಕೂತೆ.
ಪೆಟ್ಟಿಗೆ ತಾನಾಗಿ ಮುಂದಿನದಕ್ಕೆ ಹೋಯಿತು,
ಮಾಸ್ತರು ಬೈದರು, ಬೈಯಲಿ ಎಂದು ಬಿಟ್ಟೆ.

ಹೆಸರು ಬದಲಿಸಿಲ್ಲ.
ಈಗಲೂ ರಾತ್ರಿ ಅದನ್ನೇ ಒತ್ತುತ್ತೇನೆ.
ಪದ್ಮಲೋಚನೆ ಹಾಡುತ್ತಾಳೆ, ಚೆನ್ನಾಗಿಯೇ ಹಾಡುತ್ತಾಳೆ,
ನಾನು ಕಾಯುತ್ತೇನೆ.
ಎರಡು ನಿಮಿಷ ಹತ್ತನೇ ಸೆಕೆಂಡಿಗೆ ಸರಿಯಾಗಿ
ತಿರುಪನ್ನು ಒಂಬತ್ತು ದಾಟಿಸುತ್ತೇನೆ, ಬಣ್ಣ ಸವೆಯದ ಕಡೆಗೆ.

ಮಾರಿವಿಕ್ ಗೋಡೆ ತಟ್ಟುತ್ತಾಳೆ.